ಬ್ರಿಸ್ಟಲಿನ ಜಾರ್ಜ್ ಮುಲ್ಲರ್: ಕೇಳುವುದನ್ನು ನಿಲ್ಲಿಸದ ಬಾಳು

ನನ್ನ ಬಾಲ್ಯ ಕಳೆದದ್ದು ಮಂಗಳೂರಿನಲ್ಲಿ. ಅಲ್ಲಿನ ಸಂಡೇ ಸ್ಕೂಲಿನಲ್ಲಿ ನಮಗೆ ಮತ್ತೆ ಮತ್ತೆ ಹೇಳುತ್ತಿದ್ದ ಕಥೆಗಳಲ್ಲಿ ಹಾಲಿನ ಗಾಡಿಯ ಕಥೆಯೂ ಒಂದು. ಯಾವುದೋ ದೂರದ ಊರಿನ ಅನಾಥಾಲಯ. ಬೆಳಗಿನ ಊಟಕ್ಕೆ ಕುಳಿತ ಮಕ್ಕಳ ಮುಂದೆ ಬರಿಯ ತಟ್ಟೆಗಳು. ಆದರೂ ಮನೆಯ ಹಿರಿಯರು ಊಟಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಾರೆ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ರಾತ್ರಿಯೆಲ್ಲ ನಿದ್ರೆ ಬಾರದೆ ಎದ್ದು ರೊಟ್ಟಿ ಸುಟ್ಟು ತಂದ ಬೇಕರಿಯವನು ಒಬ್ಬ. ಅದೇ ಬಾಗಿಲ ಮುಂದೆ ಗಾಡಿ ಮುರಿದು, ಹಾಲನ್ನು ಮಕ್ಕಳಿಗೇ ಕೊಟ್ಟುಬಿಡುವ ಹಾಲಿನವನು ಇನ್ನೊಬ್ಬ. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಅದೇ ವರ್ಷಗಳಲ್ಲಿ ನಮ್ಮ ಅಜ್ಜಿ ಪ್ರತಿ ಸಂಜೆ ದೀಪ ಹೊತ್ತಿಸುವ ವೇಳೆಗೆ ಸತ್ಯವೇದವನ್ನು ಓದಿ ಮುಚ್ಚಿಟ್ಟು, ಮುಂಬಯಿಗೆ ಹೋಗಿ ಕಾಗದ ಬರೆಯುವುದನ್ನೇ ನಿಲ್ಲಿಸಿದ್ದ ನನ್ನ ದೊಡ್ಡಪ್ಪನ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದರು. ಕಥೆಯಲ್ಲಿ ಹಾಲಿನ ಗಾಡಿ ಬಂದಿತು. ನಮ್ಮ ಮನೆಗೆ ದೊಡ್ಡಪ್ಪ ಬರಲಿಲ್ಲ. ಮಗುವಿನ ಮನಸ್ಸಿಗೆ ಈ ಲೆಕ್ಕ ಸರಿಹೊಂದಲಿಲ್ಲ. ಅಜ್ಜಿಯನ್ನು ಕೇಳುವ ಧೈರ್ಯವೂ ನನಗೆ ಇರಲಿಲ್ಲ.

ಮುಂದೆ ಉದ್ಯೋಗದ ನಿಮಿತ್ತ ಇಂಗ್ಲೆಂಡಿಗೆ ಬಂದು ಬ್ರಿಸ್ಟಲಿನಲ್ಲಿ ನೆಲೆಸಿದ ಮೇಲೆ, ನಗರದ ಉತ್ತರಕ್ಕಿರುವ ಆಶ್ಲಿ ಡೌನ್ ದಿನ್ನೆಯ ಮೇಲಿನ ಬೃಹತ್ ಕಲ್ಲುಕಟ್ಟಡಗಳೇ ಆ ಕಥೆಯ ಮನುಷ್ಯ ಕಟ್ಟಿಸಿದ ಅನಾಥಾಲಯಗಳೆಂದು ತಿಳಿಯಿತು. ಅವರ ಹೆಸರು ಜಾರ್ಜ್ ಮುಲ್ಲರ್. ಕುತೂಹಲದಿಂದ ಅವರ ದಿನಚರಿಯ ಸಂಪುಟಗಳನ್ನು ಓದತೊಡಗಿದೆ. ಹಾಲಿನ ಗಾಡಿಯ ಪ್ರಸಂಗ ಅವರ ಗೆಳೆಯರೊಬ್ಬರ ಮಗಳ ಬಾಲ್ಯದ ನೆನಪಾಗಿ ಉಳಿದುಬಂದದ್ದು. ದಿನಚರಿಯಲ್ಲಿ ಕಾಣುವುದು ಅದಕ್ಕಿಂತ ನಿಧಾನವಾದ, ಶಿಲಿಂಗು ಪೆನ್ನಿಗಳ ಲೆಕ್ಕದಿಂದ ತುಂಬಿದ, ದಶಕಗಟ್ಟಲೆ ನಡೆದ ಕಥೆ. ನನ್ನ ಬಾಲ್ಯದ ಪ್ರಶ್ನೆಗೆ ಏನಾದರೂ ಉತ್ತರವಿದ್ದರೆ ಅದು ಆ ನಿಧಾನದಲ್ಲಿಯೇ ಇದೆಯೆಂದು ನನಗೆ ತೋರಿದ್ದರಿಂದ ಈ ಬರಹ.

ಮುಲ್ಲರ್ ಹುಟ್ಟಿದ್ದು 1805ರ ಸೆಪ್ಟೆಂಬರ್ 27ರಂದು, ಪ್ರಷ್ಯಾ ದೇಶದ ಕ್ರೊಪ್ಪೆನ್‌ಸ್ಟೆಟ್ ಎಂಬಲ್ಲಿ. ತಂದೆ ಸರ್ಕಾರದ ಸುಂಕ ವಸೂಲಿಯ ಅಧಿಕಾರಿ. ಮಗ ಪಾದ್ರಿಯಾದರೆ ಸುಖದ ಜೀವನ ದೊರೆಯುತ್ತದೆ, ತನ್ನ ಮುಪ್ಪಿಗೂ ಒಂದು ಆಸರೆಯಾಗುತ್ತದೆ ಎಂಬುದು ಆತನ ಆಸೆಯಾಗಿತ್ತು. ಹುಡುಗನಾದರೋ ಹತ್ತು ವರ್ಷ ತುಂಬುವ ಮೊದಲೇ ತಂದೆಯ ವಶದಲ್ಲಿದ್ದ ಸರ್ಕಾರಿ ಹಣವನ್ನು ಕದಿಯಲು ಕಲಿತಿದ್ದ. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿ ಮರಣಶಯ್ಯೆಯಲ್ಲಿದ್ದಾಗ, ಅದನ್ನರಿಯದೆ ನಡುರಾತ್ರಿಯವರೆಗೆ ಇಸ್ಪೀಟಾಡುತ್ತಿದ್ದ. ಹದಿನಾರರಲ್ಲಿ ವಸತಿಗೃಹಗಳಲ್ಲಿ ಉಂಡು ತಂಗಿ ಹಣ ಕೊಡದೆ ಹೋದದ್ದಕ್ಕಾಗಿ ವುಲ್ಫನ್‌ಬ್ಯೂಟೆಲ್ ಸೆರೆಮನೆಯಲ್ಲಿ ಕೆಲವು ವಾರಗಳನ್ನು ಕಳೆದ. ಮುಂದೆ ಲಕ್ಷಾಂತರ ಪೌಂಡುಗಳ ಲೆಕ್ಕವನ್ನು ಪೆನ್ನಿಗೆ ಪೆನ್ನಿ ಒಪ್ಪಿಸಿದ ಮನುಷ್ಯನ ಆರಂಭ ಇದು. ಈ ಸಂಗತಿಗಳನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

1825ರಲ್ಲಿ ಹಾಲೆ ವಿಶ್ವವಿದ್ಯಾಲಯವನ್ನು ಸೇರಿ ದೇವಶಾಸ್ತ್ರ ಓದತೊಡಗಿದರೂ ಸತ್ಯವೇದವನ್ನು ಅವರು ಓದುತ್ತಿರಲಿಲ್ಲ. ಆ ವರ್ಷದ ನವೆಂಬರಿನ ಒಂದು ಶನಿವಾರ ಸಂಜೆ, ಗೆಳೆಯನೊಬ್ಬನ ಜೊತೆ ಊರಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ನಡೆಯುತ್ತಿದ್ದ ಪ್ರಾರ್ಥನಾಕೂಟಕ್ಕೆ ಹೋದರು. ಅಲ್ಲಿ ಒಬ್ಬಾತ ಮೊಣಕಾಲೂರಿ ಪ್ರಾರ್ಥಿಸಿದ. ಮನುಷ್ಯರು ಹಾಗೆ ಮೊಣಕಾಲೂರುವುದನ್ನು ಮುಲ್ಲರ್ ಅದುವರೆಗೆ ಕಂಡೇ ಇರಲಿಲ್ಲ. ವಿದ್ಯೆಯಲ್ಲಿ ತನಗಿಂತ ಕೆಳಗಿರುವವನು ತನಗಿಂತ ಚೆನ್ನಾಗಿ ಪ್ರಾರ್ಥಿಸಬಲ್ಲನೆಂಬ ಅರಿವಿನೊಂದಿಗೆ ಅವರು ಮನೆಗೆ ಮರಳಿದರು. ತಮ್ಮ ಬದುಕು ತಿರುಗಿದ್ದು ಆ ಸಂಜೆಯಲ್ಲಿ ಎಂದೇ ಅವರು ಕೊನೆಯವರೆಗೂ ನಂಬಿದ್ದರು.

ಹಾಲೆಯಲ್ಲಿ ಅವರು ಎರಡು ತಿಂಗಳು ಉಚಿತವಾಗಿ ತಂಗಿದ್ದ ಕಟ್ಟಡಗಳು ಒಂದು ಶತಮಾನಕ್ಕೂ ಹಿಂದೆ ಆಗಸ್ಟ್ ಹರ್ಮನ್ ಫ್ರಾಂಕೆ ಎಂಬ ಪ್ರಾಧ್ಯಾಪಕರು ಕಟ್ಟಿಸಿದ ಅನಾಥಾಲಯದ ಭಾಗಗಳು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಮೊದಲ ಪ್ರೊಟೆಸ್ಟಂಟ್ ಮಿಷನರಿ ಸೀಗನ್‌ಬಾಲ್ಗ್ ಇದೇ ಹಾಲೆಯ ವಿದ್ಯಾರ್ಥಿ. ದಕ್ಷಿಣ ಭಾರತಕ್ಕೆ ಮುದ್ರಣಯಂತ್ರವನ್ನೂ ಶಾಲೆಗಳನ್ನೂ ತಂದ ಒಂದು ಪರಂಪರೆಯ ಮೂಲ ಆ ಅಂಗಳದಲ್ಲಿತ್ತು. ಫ್ರಾಂಕೆಯ ಮಾದರಿ ಮುಲ್ಲರರ ಮನಸ್ಸಿನಲ್ಲಿ ಹತ್ತು ವರ್ಷ ಬೀಜದಂತೆ ಬಿದ್ದಿತ್ತು.

1829ರಲ್ಲಿ ಯೆಹೂದ್ಯರ ನಡುವೆ ಸೇವೆಮಾಡುವ ಸಂಸ್ಥೆಯೊಂದರ ಶಿಕ್ಷಣಾರ್ಥಿಯಾಗಿ ಲಂಡನ್ನಿಗೆ ಬಂದ ಅವರು, ಮರುವರ್ಷವೇ ಅದನ್ನು ಬಿಟ್ಟು ಡೆವನ್ ಪ್ರಾಂತದ ಟೈನ್‌ಮತ್ ಎಂಬ ಕಡಲತೀರದ ಊರಿನಲ್ಲಿ ಸಣ್ಣ ಸಭೆಯ ಪಾಲಕರಾದರು. 1830ರ ಅಕ್ಟೋಬರಿನಲ್ಲಿ ಮೇರಿ ಗ್ರೋವ್ಸ್ ಅವರನ್ನು ವಿವಾಹವಾದರು. ಸಭೆಯ ಸಂಬಳ ಆಸನಗಳ ಬಾಡಿಗೆಯಿಂದ ಬರುತ್ತಿತ್ತು. ಹಣವಿದ್ದವರು ಮುಂದೆ, ಬಡವರು ಹಿಂದೆ ಕೂರುವ ಈ ಪದ್ಧತಿ ಸರಿಯಲ್ಲವೆಂದು ಅವರು ಅದೇ ತಿಂಗಳು ಸಂಬಳವನ್ನೇ ತ್ಯಜಿಸಿದರು. ಅಂದಿನಿಂದ ಮುಂದೆ ಅರುವತ್ತೇಳು ವರ್ಷ, ತಮ್ಮ ಅಗತ್ಯವನ್ನು ಯಾವ ಮನುಷ್ಯನಿಗೂ ತಿಳಿಸದೆ ದೇವರಿಗೆ ಮಾತ್ರ ಅರಿಕೆಮಾಡುವ ನಿಯಮವನ್ನು ಪಾಲಿಸಿದರು. ಸಾಲವನ್ನೂ ಮಾಡಲಿಲ್ಲ.

ಈ ವಿವಾಹದ ಮೂಲಕ ಕಥೆಗೆ ನಮ್ಮ ಕರಾವಳಿಯ ಒಂದು ಎಳೆ ಸೇರುತ್ತದೆ. ಮೇರಿಯ ಅಣ್ಣ ಆಂಥೊನಿ ನಾರಿಸ್ ಗ್ರೋವ್ಸ್ ಎಕ್ಸೆಟರಿನ ದಂತವೈದ್ಯರು. ಒಳ್ಳೆಯ ಆದಾಯದ ವೃತ್ತಿಯನ್ನು ತೊರೆದು ಮೊದಲು ಬಾಗ್ದಾದಿಗೆ, ಅನಂತರ ಭಾರತಕ್ಕೆ ಮಿಷನರಿಯಾಗಿ ಹೋದವರು. 1836ರಲ್ಲಿ ಅವರು ಮದರಾಸಿಗೆ ಹಡಗು ಹತ್ತಿದಾಗ ಮಕ್ಕಳ ಶಿಕ್ಷಕನಾಗಿ ಜೊತೆಯಲ್ಲಿ ಬಂದ ತರುಣನೇ ಹರ್ಮನ್ ಗುಂಡರ್ಟ್. ಗುಂಡರ್ಟ್ 1838ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನನ್ನು ಸೇರಿ, ಬಳಿಕ ತಲಚೇರಿಯಲ್ಲಿ ನೆಲೆಸಿ ಮಲಯಾಳಂ ನಿಘಂಟನ್ನು ರಚಿಸಿದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗರ ಆಪ್ತಮಿತ್ರರೂ ಅವರ ಜೀವನಚರಿತ್ರೆಯ ಲೇಖಕರೂ ಇದೇ ಗುಂಡರ್ಟ್.

ಮುಲ್ಲರ್ 1832ರಲ್ಲಿ ಬ್ರಿಸ್ಟಲಿಗೆ ಬಂದರು. ಆ ಬೇಸಿಗೆಯಲ್ಲಿಯೇ ನಗರವನ್ನು ಕಾಲರಾ ಹೊಕ್ಕಿತು. ಬೀದಿಗಳಲ್ಲಿ ತಂದೆತಾಯಿ ಇಲ್ಲದ ಮಕ್ಕಳು ಹೆಚ್ಚಿದರು. ಅಂದಿನ ಇಂಗ್ಲೆಂಡಿನಲ್ಲಿ ಅಂಥ ಮಕ್ಕಳಿಗೆ ಸಾಮಾನ್ಯವಾಗಿ ಉಳಿಯುತ್ತಿದ್ದ ಗತಿ ನಿರ್ಗತಿಕರನ್ನು ದುಡಿಸಿಕೊಳ್ಳುವ ಸರ್ಕಾರಿ ವಸತಿಗಳು. ಇದ್ದ ಕೆಲವು ಅನಾಥಾಲಯಗಳಲ್ಲಿ ಪ್ರವೇಶ ಸಿಗಬೇಕಾದರೆ ಚಂದಾದಾರರ ಮತಗಳನ್ನು ಗಳಿಸಬೇಕಿತ್ತು. ಮತ ಕೇಳಿಕೊಂಡು ತಿರುಗುವ ಶಕ್ತಿ ಬಡ ಬಂಧುಗಳಿಗೆ ಎಲ್ಲಿಂದ ಬರಬೇಕು?

1835ರ ನವೆಂಬರಿನಲ್ಲಿ ಫ್ರಾಂಕೆಯ ಜೀವನಚರಿತ್ರೆ ಮತ್ತೆ ಅವರ ಕೈಗೆ ಬಂತು. ಡಿಸೆಂಬರ್ 5ರಂದು, ಕೇಳುವವನಿಗೆ ಯಥೇಚ್ಛವಾಗಿ ಕೊಡುವ ಆಶ್ವಾಸನೆಯಿರುವ 81ನೆಯ ಕೀರ್ತನೆಯ ವಚನವನ್ನು ಓದಿ, ಒಂದು ಮನೆ, 1,000 ಪೌಂಡು ಮತ್ತು ಮಕ್ಕಳನ್ನು ನೋಡಿಕೊಳ್ಳಲು ಯೋಗ್ಯ ಜನ ಬೇಕೆಂದು ಪ್ರಾರ್ಥಿಸಿದರು. ಆಗ ಅವರ ಸ್ವಂತ ಕೈಯಲ್ಲಿ ಹಣವಿರಲಿಲ್ಲ. ಅನಾಥರ ಪೋಷಣೆ ಅವರಿಗೆ ಪ್ರಿಯವಾದ ಕಾರ್ಯವಾದರೂ ಅದೇ ಮೊದಲ ಉದ್ದೇಶವಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದ್ದರು. ತನ್ನ ಸಭೆಯ ಕಾರ್ಮಿಕನೊಬ್ಬ ಹದಿನಾಲ್ಕು ಹದಿನಾರು ಗಂಟೆ ದುಡಿದು ದೇಹವನ್ನೂ ಆತ್ಮವನ್ನೂ ಬಳಲಿಸಿಕೊಳ್ಳುತ್ತಿದ್ದ; ಕೆಲಸ ಕಡಿಮೆ ಮಾಡಿದರೆ ಮನೆ ನಡೆಯದೆಂಬ ಭಯ ಅವನದು. ದೇವರು ಇಂದಿಗೂ ಕೇಳುತ್ತಾನೆಂಬುದಕ್ಕೆ ಅಂಥವರ ಕಣ್ಣಿಗೆ ಕಾಣುವ ಒಂದು ಸಾಕ್ಷಿ ಬೇಕು ಎಂಬುದೇ ಮುಲ್ಲರರ ಮೊದಲ ಉದ್ದೇಶ.

ಮನೆ ದೊರೆಯಿತು, ಸಾಮಾನು ಬಂತು, ಕೆಲಸಗಾರರೂ ಮುಂದೆ ಬಂದರು. 1836ರ ಫೆಬ್ರವರಿಯಲ್ಲಿ ಪ್ರವೇಶದ ಅರ್ಜಿಗಳನ್ನು ಪಡೆಯಲು ಗೊತ್ತುಮಾಡಿದ ದಿನ ಅವರು ಎರಡು ಗಂಟೆ ಕಾದು ಕುಳಿತರು, ಒಬ್ಬರೂ ಬರಲಿಲ್ಲ. ದಾರಿಯಲ್ಲಿ ನಡೆಯುತ್ತಾ ಅವರಿಗೆ ಹೊಳೆಯಿತು: ಎಲ್ಲವನ್ನೂ ಕೇಳಿದ್ದರು, ಮಕ್ಕಳನ್ನೇ ಕೇಳಿರಲಿಲ್ಲ. ಅಂದು ರಾತ್ರಿ ಅದಕ್ಕಾಗಿ ಪ್ರಾರ್ಥಿಸಿದರು. ಮರುದಿನ ಮೊದಲ ಅರ್ಜಿ ಬಂತು. ಏಪ್ರಿಲ್ 11ರಂದು ವಿಲ್ಸನ್ ಬೀದಿಯ 6ನೆಯ ಸಂಖ್ಯೆಯ ಬಾಡಿಗೆ ಮನೆಯಲ್ಲಿ ಹೆಣ್ಣುಮಕ್ಕಳ ವಸತಿ ತೆರೆಯಿತು. ಮುಂದಿನ ವರ್ಷಗಳಲ್ಲಿ ಅದೇ ಬೀದಿಯಲ್ಲಿ ಇನ್ನೂ ಮೂರು ಮನೆಗಳು ಸೇರಿದವು.

ನಿಜವಾದ ಪರೀಕ್ಷೆ ಆರಂಭವಾದದ್ದು 1838ರಲ್ಲಿ. ಅಂದಿನಿಂದ ಹಲವು ವರ್ಷ, ಒಂದು ದಿನದ ಊಟ ಮುಗಿದರೆ ಮರುದಿನದ್ದು ಕೈಯಲ್ಲಿರುತ್ತಿರಲಿಲ್ಲ. ಅಂಗಡಿಯಲ್ಲಿ ಬಾಕಿ ಬರೆಸುವಂತಿರಲಿಲ್ಲ. ಕೊರತೆ ತಿಳಿದಿದ್ದದ್ದು ಮನೆಯ ಕೆಲಸಗಾರರಿಗೆ ಮಾತ್ರ; ಅವರು ಸೇರಿ ಪ್ರಾರ್ಥಿಸುತ್ತಿದ್ದರು, ತಮ್ಮಲ್ಲಿದ್ದ ಅಲ್ಪಸ್ವಲ್ಪವನ್ನೂ ತಂದು ಹಾಕುತ್ತಿದ್ದರು. ಆ ವರ್ಷದ ಸೆಪ್ಟೆಂಬರ್ 18ರಂದು ಕೈ ಪೂರ್ತಿ ಬರಿದಾಗಿತ್ತು. ಸಂಜೆಯ ಮೊದಲು ಲಂಡನ್ ಕಡೆಯ ಮಹಿಳೆಯೊಬ್ಬರು ಬಂದು ತಮ್ಮ ಮಗಳು ಕೊಟ್ಟುಕಳಿಸಿದ್ದ 3 ಪೌಂಡು 2 ಶಿಲಿಂಗು 6 ಪೆನ್ನಿಯನ್ನು ಒಪ್ಪಿಸಿದರು. ಅವರು ಬ್ರಿಸ್ಟಲಿಗೆ ಬಂದು ನಾಲ್ಕೈದು ದಿನಗಳಾಗಿದ್ದವು; ಬಾಡಿಗೆಗೆ ಹಿಡಿದ ಕೋಣೆ ಗಂಡುಮಕ್ಕಳ ವಸತಿಯ ಪಕ್ಕದಲ್ಲಿಯೇ ಇತ್ತು. ಹಣ ಅಷ್ಟು ದಿನ ಅದೇ ಊರಿನಲ್ಲಿತ್ತು. ಇವರು ಕೇಳುತ್ತಲೇ ಇದ್ದರು, ಅದು ಕೈಸೇರಿರಲಿಲ್ಲ. ಕೊಡುವ ಮನಸ್ಸು ಮೊದಲಿನಿಂದಲೂ ದೇವರಿಗಿತ್ತು, ತಾವು ಕೇಳಲಿ ಎಂದೇ ತಡೆದಿದ್ದ ಎಂಬುದು ಮುಲ್ಲರರು ಕಂಡ ಅರ್ಥ. ಹಾಲಿನ ಗಾಡಿಗಿಂತ ಈ ಪ್ರಸಂಗ ನನಗೆ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಪವಾಡವೇನೂ ಇಲ್ಲ, ಕಾಯುವುದಿದೆ.

ಅವರ ವಾರ್ಷಿಕ ವರದಿಗಳೇ ಒಂದು ಬಗೆಯ ಯಾಚನೆಯಲ್ಲವೇ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ದಾನಿಗಳು ಅವುಗಳನ್ನು ಓದುತ್ತಿದ್ದರೆಂಬುದು ನಿಜ. ಆದ್ದರಿಂದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ 1841ರ ಡಿಸೆಂಬರಿನಲ್ಲಿ ನಡೆದುದನ್ನೂ ಹೇಳಬೇಕು. ವಾರ್ಷಿಕ ಸಭೆ ನಡೆಸಿ ವರದಿ ಪ್ರಕಟಿಸುವ ಕಾಲ ಬಂದಾಗ ಕೊರತೆ ಅತ್ಯಂತ ತೀವ್ರವಾಗಿತ್ತು. ಅದೇ ಕಾರಣದಿಂದ ಮುಲ್ಲರರು ಸಭೆಯನ್ನೂ ವರದಿಯನ್ನೂ ತಿಂಗಳುಗಟ್ಟಲೆ ಮುಂದೂಡಿದರು. ಕಷ್ಟವನ್ನು ಜನರ ಮುಂದೆ ಇಟ್ಟರೆ ಹಣ ಬಂದೀತು; ಆಗ ಅದು ಪ್ರಾರ್ಥನೆಯ ಉತ್ತರವೆಂದು ಹೇಳುವುದು ಹೇಗೆ? ಅತಿ ಹೆಚ್ಚು ಅಗತ್ಯವಿದ್ದಾಗಲೇ ಅವರು ಅತಿ ಹೆಚ್ಚು ಮೌನವಾಗಿದ್ದರು.

1845ರ ಅಕ್ಟೋಬರಿನಲ್ಲಿ ವಿಲ್ಸನ್ ಬೀದಿಯ ನೆರೆಯವರೊಬ್ಬರು, ನೂರಕ್ಕೂ ಹೆಚ್ಚು ಮಕ್ಕಳ ಗಲಾಟೆಯಿಂದ ತೊಂದರೆಯಾಗುತ್ತಿದೆಯೆಂದು ಸೌಜನ್ಯದಿಂದಲೇ ಕಾಗದ ಬರೆದರು. ದೂರು ನ್ಯಾಯವಾದದ್ದೆಂದು ಮುಲ್ಲರರು ಒಪ್ಪಿದರು. ಊರ ಹೊರಗೆ 300 ಮಕ್ಕಳಿಗೆ ಸ್ವಂತ ಕಟ್ಟಡವನ್ನೇ ಕಟ್ಟಬೇಕೆಂದು ನವೆಂಬರಿನಲ್ಲಿ ಪತ್ನಿಯೊಡನೆ ಪ್ರತಿದಿನ ಪ್ರಾರ್ಥಿಸತೊಡಗಿದರು. ಮೂವತ್ತೈದು ದಿನ ಒಂದು ಕಾಸೂ ಬರಲಿಲ್ಲ. ಮೂವತ್ತಾರನೆಯ ದಿನ 1,000 ಪೌಂಡಿನ ಒಂದೇ ಕಾಣಿಕೆ ಬಂತು. ಫೆಬ್ರವರಿಯಲ್ಲಿ ಆಶ್ಲಿ ಡೌನಿನ ಜಮೀನು ಕಣ್ಣಿಗೆ ಬಿತ್ತು. ಒಡೆಯನನ್ನು ಕಾಣಲು ಒಂದೇ ಸಂಜೆ ಎರಡು ಕಡೆ ಹೋದರೂ ಆತ ಸಿಗಲಿಲ್ಲ. ಬೆನ್ನಟ್ಟುವುದು ಬೇಡವೆಂದು ಮುಲ್ಲರರು ಹಿಂದಿರುಗಿದರು. ಅಂದು ರಾತ್ರಿ ಒಡೆಯ ಮೂರು ಗಂಟೆಗೆ ಎಚ್ಚೆತ್ತು ಐದರವರೆಗೆ ಈ ಜಮೀನಿನ ವಿಚಾರವನ್ನೇ ಯೋಚಿಸಿ, ಎಕರೆಗೆ 200 ಪೌಂಡಿನ ಬದಲು 120ಕ್ಕೆ ಕೊಡಲು ನಿಶ್ಚಯಿಸಿದ್ದ. ಮರುದಿನ ಬೆಳಗ್ಗೆ ಒಪ್ಪಂದವಾಯಿತು. ಸುಮಾರು 15,000 ಪೌಂಡು ವೆಚ್ಚದ ಆ ಕಟ್ಟಡಕ್ಕೆ ಮಕ್ಕಳು ಕಾಲಿಟ್ಟದ್ದು 1849ರ ಜೂನಿನಲ್ಲಿ, ಪ್ರಾರ್ಥನೆ ತೊಡಗಿದ ಮೂರೂವರೆ ವರ್ಷಗಳ ಬಳಿಕ. ಮುಂದೆ 1857, 1862, 1868 ಮತ್ತು 1870ರಲ್ಲಿ ಇನ್ನೂ ನಾಲ್ಕು ಕಟ್ಟಡಗಳು ತೆರೆದು, ಒಟ್ಟು 2,050 ಮಕ್ಕಳಿಗೆ ಸ್ಥಳವಾಯಿತು.

1857ರ ಚಳಿಗಾಲದ ಆರಂಭದಲ್ಲಿ ಮೊದಲ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರು ಸೋರತೊಡಗಿತು. ಅದರ ಸುತ್ತ ಇಟ್ಟಿಗೆಯ ಗೋಡೆ. ಒಡೆದು ನೋಡದೆ ಸೋರಿಕೆ ಎಲ್ಲೆಂದು ತಿಳಿಯದು, ಒಡೆಯಬೇಕಾದರೆ ಬೆಂಕಿ ಆರಿಸಬೇಕು. ದುರಸ್ತಿಗೆ ದಿನ ಗೊತ್ತುಮಾಡಿದ ಮೇಲೆ ಮೈಕೊರೆಯುವ ಉತ್ತರದ ಗಾಳಿ ಬೀಸತೊಡಗಿತು. ಮುನ್ನೂರು ಮಕ್ಕಳು, ಅವರಲ್ಲಿ ಹಸುಳೆಗಳೂ ಇದ್ದರು. ಮುಲ್ಲರರು ಎರಡನ್ನು ಕೇಳಿದರು: ಗಾಳಿ ದಕ್ಷಿಣಕ್ಕೆ ತಿರುಗಲಿ, ಕೆಲಸದವರಿಗೆ ಕೆಲಸದಲ್ಲಿ ಮನಸ್ಸು ಬರಲಿ. ಹಿಂದಿನ ಸಂಜೆಯವರೆಗೂ ಉತ್ತರದ ಗಾಳಿಯೇ. ಬುಧವಾರ ಬೆಳಗ್ಗೆ ದಕ್ಷಿಣದ ಗಾಳಿ ಬೀಸಿ ಬೆಂಕಿಯೇ ಬೇಡವಾಗುವಷ್ಟು ಹವೆ ಹದವಾಗಿತ್ತು. ರಾತ್ರಿ ತಡವಾಗುವವರೆಗೆ ದುಡಿದು ಮರುದಿನ ಬೇಗ ಬರುತ್ತಾರೆಂದು ಮೇಸ್ತ್ರಿ ಹೇಳಿದಾಗ, ಇಡೀ ರಾತ್ರಿ ದುಡಿಯುವುದೇ ಮೇಲೆಂದು ಕೆಲಸದವರು ತಾವಾಗಿ ಮುಂದೆ ಬಂದರು. ಸಂಶಯವುಳ್ಳವರು ಇದನ್ನು ಕಾಕತಾಳೀಯವೆನ್ನಬಹುದು. ನಾನು ಗಮನಿಸುವುದು ಪ್ರಾರ್ಥನೆಯ ಎರಡನೆಯ ಅರ್ಧವನ್ನು. ಗಾಳಿಯನ್ನು ಕೇಳಿದವರು ಕೂಲಿಯವರ ಮನಸ್ಸನ್ನೂ ಕೇಳಲು ಮರೆಯಲಿಲ್ಲ. ಮೇಸ್ತ್ರಿಯನ್ನು ಕರೆಸಲೂ ಮರೆಯಲಿಲ್ಲ.

ಈ ಮನೆಗಳಲ್ಲಿ ಹೆಣ್ಣುಮಕ್ಕಳು ಹದಿನೇಳರವರೆಗೂ ಗಂಡುಮಕ್ಕಳು ಹದಿನಾಲ್ಕರವರೆಗೂ ಓದಿ, ಬಳಿಕ ಮನೆಗೆಲಸಕ್ಕೋ ಕಸುಬು ಕಲಿಯುವುದಕ್ಕೋ ಹೋಗುತ್ತಿದ್ದರು. ಬಡವರ ಮಕ್ಕಳಿಗೆ ಅಂತಸ್ತಿಗೆ ಮೀರಿದ ವಿದ್ಯೆ ಕೊಡುತ್ತಾರೆಂದು ಕೆಲವರು ಗೊಣಗಿದರು. ನಮ್ಮ ಕಾಲದ ಕಣ್ಣಿಗೆ ಕಾಣುವ ಕೊರತೆ ಬೇರೆಯದು: ಧರ್ಮಸಮ್ಮತ ವಿವಾಹದಲ್ಲಿ ಹುಟ್ಟಿ, ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ಆ ಬಾಗಿಲು ತೆರೆಯಲಿಲ್ಲ. ದೊಡ್ಡವರ ಬಾಳಿನಲ್ಲೂ ಅವರ ಕಾಲದ ಗೋಡೆಗಳು ಉಳಿದಿರುತ್ತವೆ.

ಕೇಳಿದ್ದೆಲ್ಲ ಅವರಿಗೂ ದೊರೆಯಲಿಲ್ಲ. ಮಗ ಎಲೈಜಾ 1835ರಲ್ಲಿ ಹಸುಳೆಯಾಗಿದ್ದಾಗಲೇ ತೀರಿಕೊಂಡ. ಲೆಕ್ಕಪತ್ರದಿಂದ ಹಿಡಿದು ಹಾಸಿಗೆಯ ಬಟ್ಟೆಗಳವರೆಗೆ ಎಲ್ಲವನ್ನೂ ನೋಡಿಕೊಂಡಿದ್ದ ಮೇರಿ 1870ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಉಪದೇಶವನ್ನು ಮುಲ್ಲರರೇ ಮಾಡಿದರು. ಎಪ್ಪತ್ತನೆಯ ವಯಸ್ಸಿನಲ್ಲಿ ಆರಂಭಿಸಿದ ಪ್ರವಾಸಗಳಲ್ಲಿ ಅವರು ಹದಿನೇಳು ವರ್ಷ ದೇಶದೇಶಗಳಲ್ಲಿ ಬೋಧಿಸಿದರು, ಭಾರತಕ್ಕೂ ಬಂದರು. 1890ರಲ್ಲಿ ಅವರು ಭಾರತದಲ್ಲಿದ್ದಾಗಲೇ ಒಬ್ಬಳೇ ಮಗಳು ಲಿಡಿಯಾಳ ಮರಣವಾರ್ತೆ ತಂತಿಯ ಮೂಲಕ ತಲುಪಿತು. ಪರದೇಶದಲ್ಲಿ ಅಂಥ ಸುದ್ದಿ ತಲುಪುವುದೆಂದರೆ ಏನೆಂದು ನಮ್ಮಂಥವರಿಗೆ ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿಗಾಗಿಯೇ ನಾನು ಇಷ್ಟೆಲ್ಲ ಬರೆದೆನೇನೋ. 1844ರ ನವೆಂಬರಿನಲ್ಲಿ ಮುಲ್ಲರರು ಐದು ಜನರ ಮನಃಪರಿವರ್ತನೆಗಾಗಿ ಪ್ರಾರ್ಥಿಸಲು ತೊಡಗಿದರು. ಊರಲ್ಲಿರಲಿ, ಪ್ರವಾಸದಲ್ಲಿರಲಿ, ಆರೋಗ್ಯವಿರಲಿ, ಕಾಯಿಲೆಯಿರಲಿ, ಒಂದು ದಿನವೂ ತಪ್ಪಿಸಲಿಲ್ಲ. ಮೊದಲನೆಯವರು ತಿರುಗಿಕೊಳ್ಳಲು ಹದಿನೆಂಟು ತಿಂಗಳಾದವು. ಎರಡನೆಯವರಿಗೆ ಮತ್ತೆ ಐದು ವರ್ಷ. ಮೂರನೆಯವರಿಗೆ ಇನ್ನೂ ಆರು ವರ್ಷ. ಸುಮಾರು ಮೂವತ್ತಾರು ವರ್ಷಗಳ ಬಳಿಕ ಈ ವಿಷಯವನ್ನು ಶ್ರೋತೃಗಳಿಗೆ ಹೇಳುವಾಗ ಉಳಿದಿಬ್ಬರು ಇನ್ನೂ ಹಾಗೆಯೇ ಇದ್ದರು. ತಾವು ಇಂದಿಗೂ ಕೇಳುತ್ತಿದ್ದೇವೆ, ಮುಂದೆಯೂ ಕೇಳುತ್ತೇವೆ ಎಂದಷ್ಟೇ ಅವರು ಹೇಳಿದರು. ಎರಡು ಸಾವಿರ ಮಕ್ಕಳಿಗೆ ಅನ್ನ ತಂದ ಅದೇ ಪ್ರಾರ್ಥನೆ ಇಬ್ಬರು ಮನುಷ್ಯರ ವಿಷಯದಲ್ಲಿ ಮೂವತ್ತಾರು ವರ್ಷ ಕಾಯುತ್ತಲೇ ಇತ್ತು. ಅವರು ಅದನ್ನು ಸೋಲೆಂದು ಎಣಿಸಲಿಲ್ಲ.

1898ರ ಮಾರ್ಚ್ 10ರ ಬೆಳಗ್ಗೆ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಮೂರನೆಯ ಕಟ್ಟಡದ ತಮ್ಮ ಕೋಣೆಯಲ್ಲಿ ಮುಲ್ಲರರು ತೀರಿಕೊಂಡರು. ಹಿಂದಿನ ಸಂಜೆ ಎಂದಿನಂತೆ ಪ್ರಾರ್ಥನಾಕೂಟ ನಡೆಸಿದ್ದರು. ಅಂತ್ಯಯಾತ್ರೆಯ ದಿನ ಬ್ರಿಸ್ಟಲಿನ ಬೀದಿಗಳ ಎರಡೂ ಬದಿಗೆ ಸಾವಿರಾರು ಜನ ನಿಂತಿದ್ದರು. ಅವರ ಜೀವಿತಕಾಲದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಆ ಮನೆಗಳಲ್ಲಿ ಬೆಳೆದರು. ಸುಮಾರು 15 ಲಕ್ಷ ಪೌಂಡು ಅವರ ಕೈ ಹಾದುಹೋಯಿತು. ಅವರು ಬಿಟ್ಟುಹೋದ ಸ್ವಂತ ಆಸ್ತಿ, ಮನೆಯ ಸಾಮಾನೂ ಸೇರಿ, ಸುಮಾರು 160 ಪೌಂಡು.

ಕಟ್ಟಡಗಳು 1958ರಲ್ಲಿ ಮಾರಾಟವಾದವು. ಇಂದು ಅಲ್ಲಿ ಬಹುಪಾಲು ವಾಸದ ಮನೆಗಳಿವೆ; ನಮ್ಮ ಭಾರತೀಯ ಕುಟುಂಬಗಳೂ ಆ ಸುತ್ತಿನಲ್ಲಿವೆ. ಚಳಿಗಾಲದ ಸಂಜೆ ನಾಲ್ಕಕ್ಕೇ ಕತ್ತಲಾದಾಗ ಆ ಸಾಲು ಸಾಲು ಕಿಟಕಿಗಳಲ್ಲಿ ದೀಪ ಹೊತ್ತಿಕೊಳ್ಳುವುದನ್ನು ನೋಡುತ್ತಾ ನಾನು ಅನೇಕ ಬಾರಿ ನಿಂತಿದ್ದೇನೆ.

ಅಜ್ಜಿ ತೀರಿಕೊಂಡಾಗ ದೊಡ್ಡಪ್ಪ ಬಂದಿರಲಿಲ್ಲ. ಅನಂತರವೂ ಬರಲಿಲ್ಲ. ಬಹುಕಾಲ ನಾನು ಆಕೆಯ ಪ್ರಾರ್ಥನೆಯನ್ನು ಉತ್ತರವಿಲ್ಲದ ಲೆಕ್ಕದಲ್ಲಿ ಬರೆದಿಟ್ಟಿದ್ದೆ. ಹಾಲಿನ ಗಾಡಿಯ ಕಥೆ ನನಗೆ ಕಲಿಸಿದ್ದ ಲೆಕ್ಕ ಅದು. ಮುಲ್ಲರರ ದಿನಚರಿಯನ್ನು ಓದಿದ ಮೇಲೆ ಆ ಬರಹವನ್ನು ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ ಏನು ಬರೆಯಬೇಕೆಂಬುದು ಇನ್ನೂ ಪೂರ್ತಿ ತಿಳಿದಿಲ್ಲ. ಆದರೆ ಮನೆಯಲ್ಲಿ ಉಳಿದವರೆಲ್ಲ ಆ ಹೆಸರನ್ನು ಆಡುವುದನ್ನೇ ಬಿಟ್ಟಿದ್ದಾಗ, ಒಂದು ಸಂಜೆಯೂ ತಪ್ಪದೆ ಅದನ್ನು ದೇವರ ಮುಂದೆ ಉಚ್ಚರಿಸಿ ಮಗನನ್ನು ಮನೆಯವನಾಗಿಯೇ ಉಳಿಸಿಕೊಂಡಿದ್ದವರು ಆಕೆ ಒಬ್ಬರೇ. ಈಗ ಆಶ್ಲಿ ಡೌನಿನ ಇಳಿಜಾರಿನಲ್ಲಿ ನಡೆಯುವಾಗ ಕೆಲವು ಸಂಜೆ ಆ ಹೆಸರನ್ನು ನಾನೂ ಹೇಳಿಕೊಳ್ಳುತ್ತೇನೆ.